ಹಾರ್ಲನ್ ಹೆಸರಿಗೆ ಓಗೊಟ್ಟವನು

ಆಂಬ್ರೋಸ್ ಕುಬಿಕ್ ಮನುಷ್ಯರನ್ನು ಗುರುತು ಹಿಡಿಯುತ್ತಿದ್ದದ್ದು ಹಿಂದಿನಿಂದ. ಆಯಸ್ಸೆಲ್ಲ ಕ್ಷೌರದ ಕುರ್ಚಿಯ ಬೆನ್ನಿಗೆ ನಿಂತು ಕಳೆದವನು. ಮುಖ ಮರೆತರೂ ಹೆಡತಲೆ ಮರೆಯುತ್ತಿರಲಿಲ್ಲ. ಅದೇ ಅವನಿಗೆ ಮುಳುವಾಗಿತ್ತು. ನ್ಯೂಯಾರ್ಕಿನ ರೈಲಿನಲ್ಲಿ, ಕ್ವೀನ್ಸ್‌ನ ತನ್ನ ಬೀದಿಯ ತರಕಾರಿ ಅಂಗಡಿಯಲ್ಲಿ, ಯಾರದೋ ಕತ್ತಿನ ಹಿಂಭಾಗ ಕಂಡು ಗುರುತಿನವನೇ ಎನಿಸಿಬಿಡುತ್ತಿತ್ತು. ಬೇಗಬೇಗ ಮುಂದೆ ಹೋಗಿ ತಿರುಗಿ ನೋಡಿದರೆ ಯಾವನೋ ಗುರುತಿಲ್ಲದ ಹುಡುಗ. ಆಂಬ್ರೋಸ್ ಹುಡುಕಿದ ಹೆಡತಲೆಯವನು ಮಣ್ಣಾಗಿ ಮೂವತ್ತು ವರ್ಷ ಕಳೆದಿರುತ್ತಿತ್ತು. "ಸಾರಿ," ಎಂದು ಗೊಣಗಿ ಸರಿಯುತ್ತಿದ್ದ. ಎಪ್ಪತ್ತನಾಲ್ಕರ ಮುದುಕ ದಿಟ್ಟಿಸಿ ನೋಡಿದ್ದನ್ನು ಹುಡುಗರು ಬೇರೆ ಥರ ಅರ್ಥಮಾಡಿಕೊಂಡು ನಗುತ್ತಿದ್ದರು.

ಆ ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಮೇಲಿನ ಮನೆಯ ಯೆಸೇನಿಯಾ ಬಂದು ಬಾಗಿಲು ಬಡಿದಳು. ಈಕ್ವೆಡಾರಿನಿಂದ ಚಿಕ್ಕವಳಿದ್ದಾಗಲೇ ಬಂದವಳು, ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡುವ ಕೆಲಸ. ತನ್ನ ಹೆಂಡತಿ ಇನೆಸ್‌ಳ ಜೊತೆ ಎರಡು ವರ್ಷದಿಂದ ಅಲ್ಲೇ ಇದ್ದಳು.

"ಮಿಸ್ಟರ್ ಕೆ, ಇನೆಸ್‌ಗೆ ಡ್ಯೂಟಿ ಬಿತ್ತು. ನಾನೊಬ್ಳೇ ಹೋಗೋಕೆ ಬೇಜಾರು. ನೀವು ಬನ್ನಿ."

"ಎಲ್ಲಿಗೆ?"

"ಚೆರಿ ಗ್ರೋವ್‌ಗೆ. ದ್ವೀಪ. ಸಮುದ್ರ, ನಮ್ಮಂಥ ಜನ. ಸಾಯಂಕಾಲ ವಾಪಸ್."

"ನಂಗೆ ಬಿಸಿಲು ಆಗಲ್ಲ."

"ಛತ್ರಿ ಹಿಡೀತೀನಿ, ಮಹಾಸ್ವಾಮಿ. ನಿಜ ಹೇಳಿ, ಒಂದ್ಸಲನಾದ್ರೂ ಹೋಗಿದೀರಾ ಅಲ್ಲಿಗೆ?"

"ಇಲ್ಲ," ಎಂದುಬಿಟ್ಟ. ಯಾಕೆ ಹಾಗೆಂದೆನೆಂದು ಅವನಿಗೇ ತಿಳಿಯಲಿಲ್ಲ.

"ಇಲ್ವಾ! ಇಷ್ಟು ವಯಸ್ಸಾಗಿ, ಇಷ್ಟು ಹತ್ರ ಇದ್ಕೊಂಡು? ಹಾಗಾದ್ರೆ ಇವತ್ತು ನಿಮ್ಮನ್ನ ಎತ್ಕೊಂಡಾದ್ರೂ ಹೋಗ್ತೀನಿ."

ತನ್ನ ಸುಳ್ಳಿಗೆ ತಾನೇ ಸಿಕ್ಕಿಬಿದ್ದ ಆಂಬ್ರೋಸ್ ಟೊಪ್ಪಿಗೆ ಹುಡುಕಿಕೊಂಡು ಹೊರಟ.

ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಊರೊಂದರ ಸ್ಲೋವಾಕ್ ಮನೆತನದವನು ಆಂಬ್ರೋಸ್. ಹತ್ತೊಂಬತ್ತಕ್ಕೆ ಊರು ಬಿಟ್ಟು ಬಂದು ಕ್ವೀನ್ಸ್‌ನಲ್ಲಿ ಕ್ಷೌರ ಕಲಿತ, ಮುಂದೆ ಸ್ವಂತ ಅಂಗಡಿ ಇಟ್ಟ. ವಾರವೆಲ್ಲ ಅಲ್ಲಿ ಬಾಯಿ ಹೊಲಿದುಕೊಂಡು ದುಡಿಯುವುದು, ಬೇಸಗೆಯ ಶನಿವಾರ ಬಂತೆಂದರೆ ಲಾಂಚು ಹತ್ತಿ ಗ್ರೋವ್‌ಗೆ ಓಡುವುದು. ಅಲ್ಲಿ ಅವನ ಹೆಸರು 'ಸಿಸ್ಟರ್'. ಕನ್ಯಾಸ್ತ್ರೀಯ ಹಾಗೆ ತೆಪ್ಪಗಿರುತ್ತಾನೆಂದು. ಅಲ್ಲಿ ಎಲ್ಲರಿಗೂ ಒಂದೊಂದು ಹೆಸರು, ಗಂಡಸರೇ ಒಬ್ಬರನ್ನೊಬ್ಬರು "ಏನೇ, ಬಾರೇ, ಹೋಗೇ" ಎನ್ನುವ ಸಲಿಗೆ. ಜಗಲಿಯ ಮೇಲೆ ಕುರ್ಚಿ ಹಾಕಿ ಅವರ ಕೂದಲು ಕತ್ತರಿಸುತ್ತಿದ್ದ. ಆಮೇಲೆ ಏಡ್ಸ್ ಎಂಬ ಆ ಕಾಯಿಲೆ ಬಂತು. ಊರಿನ ಕ್ಷೌರಿಕರು ಅಂಥವರನ್ನು ಮುಟ್ಟಲು ಒಪ್ಪದೆ ಇದ್ದಾಗ ಇವನೇ ಮನೆಮನೆಗೆ ಹೋಗಿ, ತಲೆದಿಂಬಿನ ಮೇಲೆ ಟವೆಲು ಹಾಸಿ, ಬೋಗುಣಿಯಲ್ಲಿ ಬಿಸಿನೀರಿಟ್ಟುಕೊಂಡು ತಲೆ ತೊಳೆದು ಬರುತ್ತಿದ್ದ. ಕೊನೆಗೆ ತೊಳೆಯಲು ತಲೆಗಳೇ ಉಳಿಯಲಿಲ್ಲ. ಅಂಗಡಿ ಮುಚ್ಚಿ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಪೆನ್ಸಿಲ್ವೇನಿಯಾಕ್ಕೆ ಹೋದ. ಅವಳು ತೀರಿದ ಮೇಲೆ ಕ್ವೀನ್ಸ್‌ಗೆ ಮರಳಿದ, ಇನ್ನೊಬ್ಬರ ಅಂಗಡಿಯಲ್ಲಿ ಕೆಲಸ ಮಾಡಿ ಮುದುಕನಾದ. ಆದರೆ ಆ ನೀರನ್ನು ಮತ್ತೆ ದಾಟಲಿಲ್ಲ.

ಕಡಲಂಚಿನ ಸೇವಿಲ್ ಊರಿನ ದಕ್ಕೆಯಿಂದ ಲಾಂಚು ಹೊರಟಿತು. ಯೆಸೇನಿಯಾ ಮೇಲಿನ ಅಟ್ಟದಲ್ಲಿ ಗಾಳಿಗೆ ಮುಖವೊಡ್ಡಿ ಕೂತಳು. ಆಂಬ್ರೋಸ್ ಬೇಕೆಂದೇ ಕೊನೆಯ ಸಾಲು ಹಿಡಿದ. ಅದೇ ತಪ್ಪಾಯಿತು, ಸಾಲುಸಾಲಾಗಿ ಹೆಡತಲೆಗಳು ಅವನೆದುರು. ಎರಡನೇ ಸಾಲಿನ ಕೆಂಪು ಕತ್ತಿನವನು ಥೇಟು ಗ್ರೋವ್‌ನ ಅಡಿಗೆಭಟ್ಟ ಬಾರ್ನಿ. ಕಂಬದ ಪಕ್ಕ, ಕಿವಿಯ ಹಿಂದೆ ಮಚ್ಚೆಯಿರುವವನು ಬ್ಯಾಂಕಿನ ಲೂಷಿಯನ್. ಎಂದೋ ಸತ್ತ ಅವರೆಲ್ಲ ಅಂದಿನ ಹಾಗೆಯೇ ಚೀಲ ತೊಡೆಯ ಮೇಲಿಟ್ಟುಕೊಂಡು ಹರಟುತ್ತಿದ್ದಾರೆ, ಯಾರೂ ಹಿಂತಿರುಗಿ ನೋಡುತ್ತಿಲ್ಲ. ಆಂಬ್ರೋಸ್ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೆ ಅವರು ತಿರುಗಿದರು.

ದ್ವೀಪದ ದಕ್ಕೆಯಲ್ಲಿ ಇಳಿದವನು ನಿಂತಲ್ಲೇ ನಿಂತ. ಕೆಂಪು ಕೈಗಾಡಿಗಳು ಸಾಲಾಗಿ ನಿಂತಿದ್ದವು, ಹಿಡಿಕೆಯ ಮೇಲೆ ಮನೆಗಳ ಹೆಸರು. ಕಾರಿಲ್ಲದ ಊರು, ಹಾಲು, ಬಿಯರು, ಐಸು ಎಲ್ಲವೂ ಹಲಗೆ ದಾರಿಯ ಮೇಲೆ ಇದರಲ್ಲೇ ಹೋಗಬೇಕು.

"ಏನಾಯ್ತು ಮಿಸ್ಟರ್ ಕೆ? ತಲೆ ಸುತ್ತುತ್ತಾ?"

"ಇಲ್ಲಮ್ಮ. ನಡಿ."

ಇಲ್ಲಿ ಒಂದೇ ಮನೆಯಲ್ಲಿದ್ದ ಗೆಳೆಯ ಥ್ಯಾಡ್ ತೀರಿಕೊಂಡ ಬೆಳಿಗ್ಗೆ ಅವನನ್ನು ದಕ್ಕೆಗೆ ತಂದದ್ದು ಅಂಥದೇ ಒಂದು ಗಾಡಿಯಲ್ಲಿ. ಆಳು ಉದ್ದ, ಗಾಡಿ ಗಿಡ್ಡ. ಕಂಬಳಿಯ ಹೊರಗೆ ಚಾಚಿದ ಕಾಲನ್ನು ಆಂಬ್ರೋಸ್ ಎತ್ತಿ ಹಿಡಿದುಕೊಂಡು ಬಂದಿದ್ದ. ಹಲಗೆಯ ಸಂದು ಬಂದಾಗಲೆಲ್ಲ ಚಕ್ರ ಟಕ್ ಟಕ್ ಎನ್ನುತ್ತಿತ್ತು.

ಕಡಲಂಚಿನಲ್ಲಿ ಯೆಸೇನಿಯಾ ದುಪ್ಪಟಿ ಹಾಸಿ, ಛತ್ರಿ ನೆಟ್ಟು, ಮನೆಯಿಂದ ತಂದ ಚೀಸ್ ತುಂಬಿದ ಎಂಪನಾಡ ಕಡುಬು ಬಿಚ್ಚಿದಳು. ಹೆಂಗಸರ ಜೋಡಿಯೊಂದು ತಮ್ಮ ಕೂಸಿಗೆ ಅಲೆ ತೋರಿಸುತ್ತಿತ್ತು. ಮುದಿ ಗಂಡಸರಿಬ್ಬರು ಹುಟ್ಟುಡುಗೆಯಲ್ಲಿ ಕೂತು ಇಸ್ಪೀಟು ಆಡುತ್ತಿದ್ದರು. ಆಂಬ್ರೋಸ್ ಬೂಟು ಕೂಡ ಬಿಚ್ಚಲಿಲ್ಲ.

"ಶರ್ಟಿನ ಒಂದು ಗುಂಡಿನಾದ್ರೂ ಬಿಚ್ರಪ್ಪ. ಪೊಲೀಸರು ಅನ್ಕೋತಾರೆ ಜನ," ಎಂದು ಅವಳು ರೇಗಿಸಿದಳು. ಸ್ವಲ್ಪ ಹೊತ್ತಿಗೆ ಬಿಸಿಲಿಗೆ ಅವಳಿಗೆ ಜೊಂಪು ಹತ್ತಿತು.

ಆಂಬ್ರೋಸ್ ಎದ್ದ. ಕಾಲಿಗೆ ದಾರಿ ಗೊತ್ತಿತ್ತು. ಪೈನ್ ಮರಗಳ ನಡುವೆ ಹಲಗೆ ದಾರಿ ಕೊಲ್ಲಿಯ ಕಡೆಗೆ ತಿರುಗುವಲ್ಲಿ ತಾನೂ ತಿರುಗಿದ. ಎಷ್ಟೋ ಮನೆಗಳು ಹೊಸವು, ಈಜುಕೊಳದವು. ಆದರೂ ಪೊದೆಗಳ ವಾಸನೆ ಅದೇ, ಉಪ್ಪು ಕುಡಿದ ಮರದ ವಾಸನೆ ಅದೇ. ಜಿಂಕೆಯೊಂದು ದಾರಿಯ ಮಧ್ಯೆ ನಿಂತು ಇವನನ್ನು ನೋಡಿ, ಇವನ ಬೆನ್ನ ಹಿಂದೆ ಯಾರನ್ನೋ ನೋಡಿ, ಪಕ್ಕಕ್ಕೆ ಹೋಯಿತು. ಆಂಬ್ರೋಸ್ ತಿರುಗಿ ನೋಡಿದ. ಯಾರೂ ಇರಲಿಲ್ಲ.

ಮತ್ತೆ ಮುಂದಕ್ಕೆ ನೋಡಿದಾಗ ಒಬ್ಬ ಮುದುಕ ನಡೆಯುತ್ತಿದ್ದ. ಎಡಗೈ ಕಟಕಟೆಯ ಮೇಲೆ, ಬಲಗೈಯಲ್ಲಿ ಬಿಳಿ ಕೋಲು. ತೆಳ್ಳಗಿನ ನೆರೆಗೂದಲಿನ ನಡುವೆ, ನೆತ್ತಿಯ ಹಿಂದೆ, ಅಕ್ಕಪಕ್ಕದಲ್ಲಿ ಎರಡು ಸುಳಿ. ಒಂದು ಬಲಕ್ಕೆ, ಒಂದು ಎಡಕ್ಕೆ. ಆ ಎರಡು ಸುಳಿಯ ನಡುವಿನ ಜುಟ್ಟನ್ನು ಕೂರಿಸಲು ಆಂಬ್ರೋಸ್ ಪ್ರತಿ ಸಲವೂ ಒದ್ದಾಡುತ್ತಿದ್ದ.

ಅದು ಮಹಾರಾಣಿಯ ತಲೆ.

ಹಾರ್ಲನ್ ಫೋಕ್ಟ್, ಗ್ರೋವ್‌ನ ಬಾಯಲ್ಲಿ 'ಮಹಾರಾಣಿ'. ನಾಟಕದ ಕಂಪನಿಗಳಿಗೆ ಉಡುಪು ಹೊಲಿಯುತ್ತಿದ್ದವನು. ಶನಿವಾರ ಸಂಜೆ ತಾನೇ ಹೊಲಿದ ಗೌನು ತೊಟ್ಟು, ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡ ಟೊಪ್ಪಿಗೆಯಿಟ್ಟು ವೇದಿಕೆಗೆ ಬರುತ್ತಿದ್ದ. ಅವನ ಸಂಗಾತಿ ಥ್ಯಾಡ್, ಶಾಲೆಯ ಸಂಗೀತದ ಮೇಷ್ಟ್ರು. ಆ ಜೋಡಿಯ ಬಾಡಿಗೆ ಮನೆಯಲ್ಲೇ ಆಂಬ್ರೋಸ್ ಬೇಸಗೆಗೆ ಕೋಣೆ ಹಿಡಿಯುತ್ತಿದ್ದದ್ದು. ಹಾರ್ಲನ್ ಸತ್ತಿದ್ದ. ಅವನ ಅಪ್ಪನೇ ಹೇಳಿದ್ದನಲ್ಲ.

ಲಾಂಚಿನಲ್ಲಿ ಕಂಡವರ ಹಾಗೆ ಇದೂ ಒಂದು ಎಂದುಕೊಂಡ. ಸ್ವಲ್ಪ ನೋಡಿದರೆ ಕರಗುತ್ತದೆ. ಕರಗಲಿಲ್ಲ. ಮುಂದೆ ಹೋಗಿ ಮುಖ ನೋಡುವ ಧೈರ್ಯ ಈ ಸಲ ಬರಲಿಲ್ಲ. ನೋಡಿದರೆ ಬೇರೆ ಯಾರೋ ಆಗಿರುತ್ತಾರೆಂಬ ಭಯ, ಆಗಿರದಿದ್ದರೆ ಎಂಬ ಭಯ. ಹಿಂದೆಯೇ ನಡೆದ. ಕೋಲು ನಿಂತರೆ ಇವನೂ ನಿಂತ.

"ಯಾರೇ ಅದು?" ಮುದುಕ ತಿರುಗದೆಯೇ ಕೇಳಿದ. "ಮುಂದೆ ಹೋಗೋದಾದ್ರೆ ಹೋಗೇ. ನಾಯಿ ಥರ ಹಿಂದೆ ಹಿಂದೆ ಬರಬೇಡ."

ಅದೇ ಗಂಟಲು.

"ಮಹಾರಾಣಿ..."

ಕೋಲು ಅಲ್ಲಾಡಲಿಲ್ಲ. ಮುದುಕ ಸಣ್ಣ ದನಿಯಲ್ಲಿ ಹೇಳಿದ: "ಹಾಗೆ ಕರಿಯೋರು ಯಾರೂ ಉಳಿದಿಲ್ಲ. ನೀನ್ಯಾರು?"

"ಆಂಬ್ರೋಸ್."

"ಸುಳ್ಳು. ಸಿಸ್ಟರ್ ಹೋಗಿ ಎಷ್ಟೋ ಕಾಲ ಆಯ್ತು. ಯಾರು ನಿನ್ನ ಕಳಿಸಿದ್ದು?"

"ಯಾರೂ ಕಳಿಸಿಲ್ಲ ಕಣೇ. ನಾನೇ ಬಂದೆ."

"ಕೈ ಕೊಡು."

ಕೊಟ್ಟ. ಮುದುಕ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿಕೆ ತಿಕ್ಕಿ ತಿಕ್ಕಿ ಗಟ್ಟಿಯಾದ ಜಾಗವನ್ನು ತಡವಿದ. ಆ ಕೈಯನ್ನು ಬಿಡಲಿಲ್ಲ.

"ಬೆಚ್ಚಗಿದೆಯಲ್ಲೇ," ಎಂದ ಹಾರ್ಲನ್. "ದೆವ್ವದ ಕೈ ಅಲ್ಲ ಇದು."

ಹಾರ್ಲನ್ ಇದ್ದದ್ದು ಅದೇ ಹಳೆಯ ಮನೆಯಲ್ಲಿ. ಅದನ್ನು ಈಗ ವೆಲ್ಮಾ ಎಂಬ ನಿವೃತ್ತ ಅಂಚೆಯವಳು ಕೊಂಡಿದ್ದಳು. ಬೇಸಗೆಯುದ್ದಕ್ಕೂ ಇವನಿಗೊಂದು ಕೋಣೆ ಬಿಟ್ಟುಕೊಡುತ್ತಿದ್ದಳು. ಅವತ್ತು ಅವಳು ಸಾಮಾನು ತರಲು ದಕ್ಕೆಯ ಕಡೆ ಹೋಗಿದ್ದಳು. ಜಗಲಿಯ ಮೇಲೆ ಎದುರುಬದುರು ಕೂತರು.

"ನನಗೆ ಸೀರಿಯಸ್ಸಾದಾಗ ಅಪ್ಪ ಅಮ್ಮ ನೆಬ್ರಾಸ್ಕಾದಿಂದ ಬಂದು ಆಸ್ಪತ್ರೆಯಿಂದಲೇ ಎತ್ಕೊಂಡು ಹೋದ್ರು," ಹಾರ್ಲನ್ ಶುರುಮಾಡಿದ. "ಅಷ್ಟು ನಿನಗೆ ಗೊತ್ತು. ಸಾಯ್ತೀನಿ ಅಂತಲೇ ಎಲ್ರೂ ಕಾದ್ರು. ನಾನು ಸಾಯಲೇ ಇಲ್ಲ. ಕಣ್ಣು ಮಾತ್ರ ಹೋಯ್ತು. ವರ್ಷಗಟ್ಟಲೆ ಹೊಟ್ಟೆ ಮೇಲೆ ಕೈಯಿಟ್ಕೊಂಡು ಬಿದ್ದಿದ್ದೆ. ಆಮೇಲೆ ಹೊಸ ಮಾತ್ರೆ ಬಂತು, ಎದ್ದು ಕೂತೆ. ಇಲ್ಲಿಗೆ ಬಂದು ವಿಚಾರಿಸಿದೆ. ಥ್ಯಾಡ್ ಹೋದ ಅಂದ್ರು. ಬಾರ್ಬರೂ ಹೋದ ಅಂದ್ರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಆಗೆಲ್ಲ 'ಹೋದ' ಅಂದ್ರೆ ಒಂದೇ ಅರ್ಥ."

"ನಾನು ಹೋದದ್ದು ಅಮ್ಮನ ಊರಿಗೆ ಕಣೇ."

ಹಾರ್ಲನ್ ನಕ್ಕ. ಆ ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡ.

"ನಾವು ಫೋನ್ ಮಾಡಿದ್ವಿ," ಎಂದ ಆಂಬ್ರೋಸ್. "ಥ್ಯಾಡ್ ಏಳೋ ಸ್ಥಿತೀಲಿ ಇರಲಿಲ್ಲ. ನಾನೇ ದಕ್ಕೆ ಹತ್ರದ ಬೂತಿಗೆ ಹೋಗಿ ಮಾಡಿದೆ. ನಿಮ್ಮಪ್ಪ ಎತ್ತಿದ್ರು. ಹಾರ್ಲನ್ ಹತ್ರ ಮಾತಾಡ್ಬೇಕು ಅಂದೆ. 'ಅವನು ಸತ್ತ. ಇನ್ನು ಈ ನಂಬರಿಗೆ ಮಾಡ್ಬೇಡಿ' ಅಂದ್ರು."

ಹಾರ್ಲನ್ ಕುರ್ಚಿಯಲ್ಲಿ ಮುಂದಕ್ಕೆ ಸರಿದ. "ಫೋನು ನನ್ನ ಮಂಚದ ಆಚೆ ಗೋಡೆಗೇ ಇತ್ತು. ಅಪ್ಪ 'ಅವನು ಸತ್ತ' ಅಂದದ್ದು ನಂಗೆ ಕೇಳಿಸ್ತು. ಅಪ್ಪ ಕರುಗಳನ್ನೂ 'ಅವನು' ಅಂತಲೇ ಅನ್ನೋದು, ಯಾವುದೋ ಕರುವಿನ ವಿಷಯ ಅಂದ್ಕೊಂಡೆ. ಆ ಸಲ ಕರುಗಳು ಸಾಯ್ತಾ ಇದ್ವು." ಆಮೇಲೆ ಕೇಳಿದ: "ಥ್ಯಾಡ್‌ಗೆ ಹೇಳಿದ್ಯಾ?"

"ಇಲ್ಲ. ಮಹಾರಾಣಿ ಹುಷಾರಾಗ್ತಿದಾಳೆ, ಬರ್ತಾಳೆ ಅಂದೆ. ಅವನು ಕಾದ."

ಕೊಲ್ಲಿಯಲ್ಲಿ ಲಾಂಚು ಕೂಗಿತು. ಹಾರ್ಲನ್ ಕೋಲನ್ನು ಮೊಣಕಾಲ ಮೇಲೆ ಅಡ್ಡಡ್ಡ ಇಟ್ಟುಕೊಂಡ.

"ಯಾವ ಕೋಣೇಲಿ?"

"ಹಿಂದಿನದು. ಕೊಲ್ಲಿ ಕಡೆ ಕಿಟಕಿ ಇದೆಯಲ್ಲ, ಅದರ ಕೆಳಗೆ ಮಂಚ."

"ನಾನು ಅಲ್ಲೇ ಮಲಗೋದು," ಎಂದ ಹಾರ್ಲನ್. "ಹೇಳು. ಕೊನೇಲಿ ನನ್ನ ಕೇಳಿದ್ನಾ?"

ಆಂಬ್ರೋಸ್ ಇದನ್ನು ಯಾರಿಗೂ ಹೇಳಿರಲಿಲ್ಲ. ಪಾದ್ರಿಗೂ ಇಲ್ಲ, ತಾಯಿಗೂ ಇಲ್ಲ. "ಕೇಳಿದ. ಬೆಳಗಿನ ಜಾವ ಜ್ವರ ಏರಿತ್ತು. ನಾನು ಬೋಗುಣಿ ಚೆಲ್ಲೋಕೆ ಹೊರಗೆ ಹೋಗಿದ್ದೆ. ಒಳಗೆ ಬಂದಾಗ ನನ್ನ ಹೆಜ್ಜೆ ಸಪ್ಪಳ ಕೇಳಿ 'ಹಾರ್ಲನ್?' ಅಂದ. ಸುಮ್ಮನಿದ್ದೆ. ಮತ್ತೆ 'ಹಾರ್ಲನ್, ಬಂದ್ಯಾ?' ಅಂದ. ನಾನು... 'ಬಂದೆ ಕಣೋ, ಇಲ್ಲೇ ಇದೀನಿ' ಅಂದೆ. ನಿನ್ನ ದನಿ ಮಾಡ್ಕೊಂಡು."

ಹಾರ್ಲನ್ ಕೋಲನ್ನು ನೆಲಕ್ಕೂರಿದ.

"ನೀನು ಸತ್ತಿದೀಯ ಅಂತಲೇ ತಿಳಿದಿದ್ದೆ ಕಣೇ. ಸತ್ತವಳ ಹೆಸರು ಹಾಕ್ಕೊಂಡು ಅವನ ಪಕ್ಕ ಕೂತೆ. ಅಂದಿನಿಂದ ಒಂದು ದಿನ ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ."

"ಕಳ್ಳಿ!" ಹಾರ್ಲನ್ ಕೋಲಿನಿಂದ ಹಲಗೆ ಗುದ್ದಿದ. "ನನ್ನ ಸಾವು ಕದ್ದ ನಮ್ಮಪ್ಪ. ನೀನು ನಾನು ಬರೋದನ್ನೇ ಕದ್ದೆ! ಏನಂದ? ನನಗೆ ಏನಂದ? ಅದು ನನ್ನದು, ಕೊಡು ಇಲ್ಲಿ."

"'ಎಷ್ಟು ತಡ ಮಾಡ್ದೆ. ಯಾವಾಗ್ಲೂ ಹೀಗೇನೇ' ಅಂತ ಬೈದ. ಆಮೇಲೆ 'ಏನಾದ್ರೂ ತಿಂದ್ಯಾ?' ಅಂದ. ತಿಂದೆ ಅಂದೆ. ಅಷ್ಟೇ. ನನ್ನ ಕೈ ಹಿಡ್ಕೊಂಡಿದ್ದ. ಬೆಳಕು ಹರಿಯೋ ಹೊತ್ತಿಗೆ ಮುಗೀತು."

"ತಿಂದ್ಯಾ ಅಂದ್ನಾ," ಎಂದು ಹಾರ್ಲನ್ ಮೆಲ್ಲಗೆ ಹೇಳಿಕೊಂಡ. ಅದನ್ನೇ ಎರಡು ಮೂರು ಸಲ ಹೇಳಿದ. ಸಿಟ್ಟು ಇಳಿದಿತ್ತು. ಎದ್ದು ನಿಂತು, "ಬಾ ಒಳಗೆ," ಎಂದ.

ಹಿಂದಿನ ಕೋಣೆಯಲ್ಲಿ ಮಂಚ ಕಿಟಕಿಯ ಕೆಳಗೇ ಇತ್ತು. "ಮಲಗು," ಎಂದ ಹಾರ್ಲನ್.

"ಏನೇ ಇದು?"

"ನನ್ನ ಪಾತ್ರ ನೀನು ಮಾಡಿದ್ದಾಯ್ತಲ್ಲ. ಈಗ ಅವನ ಪಾತ್ರ ಮಾಡು. ನನ್ನ ಪ್ರವೇಶ ನಾನೇ ಮಾಡ್ತೀನಿ. ಮಲಗೇ."

ಆಂಬ್ರೋಸ್ ಬೂಟು ಬಿಚ್ಚಿ ಮಲಗಿದ. ಅಂದು ಕುರ್ಚಿಯಲ್ಲಿ ಕೂತು ನೋಡಿದ್ದ ಚಾವಣಿ. ಇಂದು ಸತ್ತವನ ಜಾಗದಿಂದ ಕಾಣುತ್ತಿತ್ತು. ಮರದ ಗಂಟುಗಳು, ನೀರಿನ ಬೆಳಕಿನ ಅಲುಗಾಟ. ಹೊರಗೆ ಹಾರ್ಲನ್‌ನ ಕೋಲು ಜಗಲಿಯ ತುದಿಗೆ ಹೋಯಿತು. ನಿಂತಿತು. ತಿರುಗಿ ಬರತೊಡಗಿತು. ಒಂದೊಂದು ಹೆಜ್ಜೆಗೂ ಆಂಬ್ರೋಸ್‌ನ ಕೈಕಾಲು ತಣ್ಣಗಾಗುತ್ತಿದ್ದವು. ಅಷ್ಟರಲ್ಲಿ ತಾನು ಯಾರೆಂಬುದೇ ಅವನಿಗೆ ಸ್ಪಷ್ಟವಿರಲಿಲ್ಲ. ಬರುತ್ತಿರುವವನನ್ನು ಬಹಳ ಕಾಲದಿಂದ ಕಾಯುತ್ತಿದ್ದೇನೆ ಎಂಬುದೊಂದೇ ಗೊತ್ತಿತ್ತು.

"ಹಾರ್ಲನ್?" ಎಂದ. "ಬಂದ್ಯಾ?"

"ಬಂದೆ ಕಣೋ." ಮುದುಕ ಮಂಚದಂಚಿಗೆ ಕೂತು, ತಡಕಾಡಿ ಅವನ ಕೈ ಹಿಡಿದ. "ಇಲ್ಲೇ ಇದೀನಿ."

"ಎಷ್ಟು ತಡ ಮಾಡ್ದೆ. ಯಾವಾಗ್ಲೂ ಹೀಗೇನೇ."

"ಹೂಂ ಕಣೋ. ತಪ್ಪಾಯ್ತು."

"ಏನಾದ್ರೂ ತಿಂದ್ಯಾ?"

"ತಿಂದೆ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಂಬ್ರೋಸ್‌ನ ಬಾಯಿಂದ ಇನ್ನೊಂದು ಮಾತು ಬಂತು. "ಬಾಗಿಲು ಹಾಕ್ಬೇಡ ಪುಟ್ಟೀ. ನೀರಿನ ಸಪ್ಪಳ ಕೇಳ್ಲಿ."

ಹಾರ್ಲನ್‌ನ ಹಿಡಿತ ಬಿಗಿಯಾಯಿತು. "ಇದನ್ನ ನೀನು ಆಗ ಹೇಳಲಿಲ್ಲ."

"ಅವನು ಅಂದಿರಲಿಲ್ಲ."

"ದಿನಾ ದೀಪ ಆರಿಸಿದ ಮೇಲೆ ಅವನು ನನಗೆ ಹೇಳ್ತಿದ್ದದ್ದು ಇದು. ನಾನು ಎದ್ದು ಬಾಗಿಲು ಹಾಕೋಕೆ ಹೋಗ್ತಿದ್ದೆ, ಅವನು ಇದನ್ನ ಹೇಳ್ತಿದ್ದ. ನಿನಗ್ಯಾರು ಹೇಳಿದ್ರು?"

ಆಂಬ್ರೋಸ್ ಎದ್ದು ಕೂತ. ಆ ಕಾಲದಲ್ಲಿ ಪಕ್ಕದ ಕೋಣೆಯಿಂದ ಕಿವಿಗೆ ಬಿದ್ದಿರಬಹುದು, ಹಲಗೆಯ ಗೋಡೆ ತಾನೇ? ಹಾಗೆಂದು ಹೇಳಲು ಬಾಯಿ ತೆರೆದ. ಆದರೆ ಆ 'ಪುಟ್ಟೀ' ಎಂಬ ಮಾತನ್ನು ತಾನೆಂದೂ ಕೇಳಿದ ನೆನಪು ಎಷ್ಟು ಕೆದಕಿದರೂ ಸಿಗಲಿಲ್ಲ.

"ಗೊತ್ತಿಲ್ಲ ಕಣೇ," ಎಂದ.

ಇಬ್ಬರೂ ಕೈ ಹಿಡಿದುಕೊಂಡೇ ಕೂತರು. ಅಲ್ಲಿ ಮೂವರಿದ್ದ ಹಾಗಿತ್ತು. ಹಾರ್ಲನ್ ಮುಖವನ್ನು ಬಾಗಿಲ ಕಡೆ ಇಟ್ಟುಕೊಂಡು, ಯಾರೋ ಹೊರಟು ಹೋಗುವುದನ್ನು ಆಲಿಸುವವನ ಹಾಗೆ ಕಿವಿಗೊಟ್ಟಿದ್ದ. ಆಮೇಲೆ ಅತ್ತ. ದೊಡ್ಡ ದನಿಯಲ್ಲಿ, ನಾಚಿಕೆಯಿಲ್ಲದೆ, ನೆಬ್ರಾಸ್ಕಾದಲ್ಲಿ ಅಳಲಾಗದ್ದನ್ನೆಲ್ಲ ಅತ್ತ.

ಜಗಲಿಯಿಂದ ಕೂಗು ಕೇಳಿತು. "ಮಿಸ್ಟರ್ ಕೆ! ದೇವ್ರೇ, ಇಲ್ಲಿದೀರಾ?" ಯೆಸೇನಿಯಾ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ಎರಡು ಚೀಲ ಹಿಡಿದ ವೆಲ್ಮಾ. "ಊರೆಲ್ಲ ಹುಡುಕಿದೆ. ನೀರಿಗೆ ಬಿದ್ರೇನೋ ಅಂತ ಜೀವ ಬಾಯಿಗೆ ಬಂದಿತ್ತು. ಈ ಅಮ್ಮ ನಿಮ್ಮ ಟೊಪ್ಪಿಗೆ ಗುರುತು ಕೇಳಿ, ಈ ದಾರೀಲಿ ನೋಡಿದೆ ಅಂತ ಕರ್ಕೊಂಡು ಬಂದ್ರು." ಮಂಚದ ಮೇಲೆ ಅತ್ತು ಕೆಂಪಾದ ಇಬ್ಬರು ಮುದುಕರನ್ನು ನೋಡಿ ಅವಳ ದನಿ ಇಳಿಯಿತು. "ಯಾರಿವರು?"

"ನಾನು ಸುಳ್ಳು ಹೇಳಿದ್ದೆ ಯೆಸೇನಿಯಾ. ಇದು ನನ್ನ ಊರು."

ಅವಳು ಇನ್ನೇನೂ ಕೇಳಲಿಲ್ಲ. ಸಾವಿನ ಮನೆಗಳನ್ನು ಬಹಳ ಕಂಡವಳು. ಬಚ್ಚಲಿಗೆ ಹೋಗಿ ಒದ್ದೆ ಬಟ್ಟೆ ತಂದು ಇಬ್ಬರ ಮುಖವನ್ನೂ ಒರೆಸಿದಳು. ವೆಲ್ಮಾ ಮೊಟ್ಟೆ ಹುರಿದಳು. ಸಂಜೆಯ ಬಿಸಿಲಿರುವಾಗಲೇ ಹಾರ್ಲನ್ ಕೋಲು ಹಿಡಿದು ದಕ್ಕೆಯವರೆಗೂ ಬಂದ.

"ಮುಂದಿನ ಶನಿವಾರ ಬರ್ತೀಯಾ, ಇಲ್ಲಾ ಮತ್ತೆ ಸಾಯ್ತೀಯಾ?"

"ಬರ್ತೀನಿ ಕಣೇ."

ಬಂದ. ಅದಕ್ಕೆ ಮುಂಚೆಯೇ ವೆಲ್ಮಾ ಒಂದು ದಿನ ಫೋನು ಮಾಡಿ ದೂರು ಹೇಳಿದ್ದಳು. "ನೀವು ಬಂದು ಹೋದ ಮೇಲೆ ಇವನು ಮಲಗೋವಾಗ ಬಾಗಿಲು ಹಾಕೋಕೇ ಬಿಡ್ತಿಲ್ಲ. ಜಿಂಕೆ ಅಡುಗೆಮನೆಗೇ ಬಂತು. ಮಲಗಿಕೊಂಡು ಯಾರ ಜೊತೆಗೋ ಮಾತಾಡ್ತಾನೆ. ನಿಮ್ಮ ಜೊತೆ ಅಂದ್ಕೊಂಡು ಎದ್ದು ನೋಡಿದ್ರೆ ಫೋನು ಹಜಾರದಲ್ಲಿದೆ."

"ಬೈತಾನಾ? ನಗ್ತಾನಾ?" ಎಂದು ಆಂಬ್ರೋಸ್ ಕೇಳಿದ.

ವೆಲ್ಮಾ ಯೋಚಿಸಿದಳು. "ಜಾಸ್ತಿ ಕೇಳಿಸ್ಕೋತಾನೆ," ಎಂದಳು.

ಚಳಿ ಬಿದ್ದು ದ್ವೀಪದ ನೀರಿನ ಕೊಳಾಯಿಗಳನ್ನು ಮುಚ್ಚುವವರೆಗೂ ಆಂಬ್ರೋಸ್ ಪ್ರತಿ ಶನಿವಾರ ಹೋದ. ಚಳಿಗಾಲಕ್ಕೆ ಹಾರ್ಲನ್‌ನನ್ನು ಕ್ವೀನ್ಸ್‌ನ ತನ್ನ ಒಂದು ಕೋಣೆಯ ಮನೆಗೆ ಕರೆತಂದ; ಯೆಸೇನಿಯಾ ಮತ್ತು ಇನೆಸ್ ಮಂಚ ಹೊತ್ತು ತಂದರು. ಆ ಮುದುಕರಿಬ್ಬರ ಜಗಳ ಮೇಲಿನ ಮನೆಯವರೆಗೂ ಕೇಳುತ್ತಿತ್ತು. ಯಾವ ವರ್ಷ ಯಾರು ಯಾವ ಗೌನು ತೊಟ್ಟಿದ್ದರು, ಬಾರ್ನಿ ಸೂಪಿಗೆ ಏನು ಹಾಕುತ್ತಿದ್ದ, ಲೂಷಿಯನ್ ಯಾರನ್ನು ಬಿಟ್ಟು ಯಾರ ಜೊತೆ ಓಡಿದ. ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಇಬ್ಬರೂ ಒಟ್ಟಿಗೇ ಸುಮ್ಮನಾಗುತ್ತಿದ್ದರು. ಆಗ ಯೆಸೇನಿಯಾ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನೆಲದ ಕಡೆ ಕಿವಿ ಕೊಡುತ್ತಿದ್ದಳು. ಕೆಳಗೆ ಜಗಳ ಮತ್ತೆ ಶುರುವಾದ ಮೇಲೆಯೇ ಅವಳು ಕೆಲಸಕ್ಕೆ ಕೈ ಹಾಕುತ್ತಿದ್ದದ್ದು.